ಏಳನೇ ತಿಂಗಳಲ್ಲೇ ಆಗಬೇಕಾದ ಮಾತುಕತೆ: ಆಸ್ಪತ್ರೆ ದೂರವಿರುವ ಊರಿನಲ್ಲಿ ಸುರಕ್ಷಿತ ಹೆರಿಗೆಗೆ ಸಿದ್ಧತೆ

ಹೆರಿಗೆಯ ನೋವು ಕಾಣಿಸಿಕೊಂಡ ಮೇಲೆ ಯಾವ ಆಸ್ಪತ್ರೆಗೆ ಹೋಗಬೇಕು, ಯಾರ ಗಾಡಿ ಕರೆಯಬೇಕು, ಜೊತೆಗೆ ಯಾರು ಹೋಗಬೇಕು ಎಂದು ಮನೆಮಂದಿ ಮಾತಿಗೆ ಕೂತರೆ, ಆ ಮಾತಿಗೆ ಖರ್ಚಾಗುವುದು ತಾಯಿಯ ಪಾಲಿನ ಸಮಯ. ಮಗು ಹುಟ್ಟಿದ ನಂತರ ಗರ್ಭಕೋಶ ಬಿಗಿಯಾಗದೆ ರಕ್ತ ಹರಿಯತೊಡಗಿದರೆ, ಚಿಕಿತ್ಸೆ ಸಿಗದ ತಾಯಿ ಸುಮಾರು ಎರಡೇ ಗಂಟೆಯಲ್ಲಿ ಪ್ರಾಣ ಕಳೆದುಕೊಳ್ಳಬಹುದು. ನಂಜು (ಬಸಿರಿನಲ್ಲಿ ಬಿಪಿ ಹೆಚ್ಚಿ ಬರುವ ಕಾಯಿಲೆ) ಏರಿ ಸೆಳೆತ ಬಂದವರಿಗೆ ಸುಮಾರು ಎರಡು ದಿನ, ಮಗು ಸಿಕ್ಕಿಕೊಂಡು ಹೆರಿಗೆ ನಿಂತುಹೋದವರಿಗೆ ಮೂರು ದಿನ, ಸೋಂಕು ತಗುಲಿದ ಬಾಣಂತಿಗೆ ಆರು ದಿನ ಎಂದು ಪ್ರಸೂತಿಶಾಸ್ತ್ರದಲ್ಲಿ ಒಂದು ಸ್ಥೂಲ ಲೆಕ್ಕವಿದೆ. ಈ ಬರಹದಲ್ಲಿ ಹೇಳಿರುವ ಸಿದ್ಧತೆಯೆಲ್ಲ ಆ ಮೊದಲ ಎರಡು ಗಂಟೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದು.

2014ರ ಮಳೆಗಾಲದಲ್ಲಿ ಯಾದಗಿರಿ ಜಿಲ್ಲೆಯ ಕೃಷ್ಣಾ ನಡುಗಡ್ಡೆಯೊಂದರ ತುಂಬು ಗರ್ಭಿಣಿಯೊಬ್ಬರು ಮೈಗೆ ಒಣಗಿದ ಸೋರೆಬುರುಡೆಗಳನ್ನು ಕಟ್ಟಿಕೊಂಡು, ಮನೆಯವರ ನೆರವಿನಿಂದ ತುಂಬಿದ ಹೊಳೆಯನ್ನು ಈಜಿ ದಾಟಿದ ಸುದ್ದಿ ದೇಶದಲ್ಲೆಲ್ಲ ಪ್ರಕಟವಾಯಿತು. ಅದನ್ನು ಸಾಹಸದ ಕಥೆಯಾಗಿ ಓದಿದವರೇ ಹೆಚ್ಚು. ನನಗೆ ಅದರಲ್ಲಿ ಎದ್ದು ಕಂಡದ್ದು ಬೇರೆ: ಆ ತಾಯಿ ನೋವು ಬರುವ ತನಕ ಕಾಯಲಿಲ್ಲ, ನೋವು ಬಂದ ಮೇಲೆ ದಾಟಲಾಗದೆಂದು ತಿಳಿದು ಮೊದಲೇ ಹೊರಟರು. ಯಾವ ಹೆಣ್ಣುಮಗಳಿಗೂ ಹೊಳೆ ಈಜುವ ಸ್ಥಿತಿ ಬರಕೂಡದು. ಸೇತುವೆ ಕಟ್ಟುವುದು ಸರ್ಕಾರದ ಹೊಣೆ, ಅದನ್ನು ಕೇಳುತ್ತಲೇ ಇರಬೇಕು. ಆದರೆ ಸೇತುವೆ ಆಗುವ ತನಕವೂ ಹೆರಿಗೆಗಳು ಆಗುತ್ತಲೇ ಇರುತ್ತವೆಯಾದ್ದರಿಂದ, ಆ ತಾಯಿಯ ಮುಂದಾಲೋಚನೆಯನ್ನು ಪ್ರತಿ ಮನೆಯೂ ಕಲಿಯಬೇಕಾಗಿದೆ.

ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿವೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಹೀಗಿದ್ದರೂ 2018-20ರ ಲೆಕ್ಕದಲ್ಲಿ ರಾಜ್ಯದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 69 ತಾಯಂದಿರು ತೀರಿಕೊಂಡಿದ್ದರು. ಅದೇ ಅವಧಿಯಲ್ಲಿ ಕೇರಳದ ಸಂಖ್ಯೆ 19. ಎಂದರೆ, ‘ಆಸ್ಪತ್ರೆಗೆ ಹೋಗಿ’ ಎಂದು ಬುದ್ಧಿ ಹೇಳಿದರೆ ಸಾಲದು. ಯಾವ ಆಸ್ಪತ್ರೆಗೆ, ಯಾವ ಹೊತ್ತಿಗೆ, ಮೈಯಲ್ಲಿ ಎಷ್ಟು ರಕ್ತ ಇಟ್ಟುಕೊಂಡು ಹೋಗುತ್ತಾರೆ ಎನ್ನುವುದನ್ನು ನೋಡಬೇಕು. ರಾಯಚೂರು, ಯಾದಗಿರಿಯ ತಾಂಡಾಗಳು, ಕೃಷ್ಣೆಯ ನಡುಗಡ್ಡೆಗಳು, ಮಲೆ ಮಹದೇಶ್ವರ ಬೆಟ್ಟದ ಪೋಡುಗಳು (ಸೋಲಿಗರ ಹಾಡಿಗಳು), ಜೋಯಿಡಾದ ಕಾಡಿನ ಮಜಿರೆಗಳು ಇಂಥ ಕಡೆಗಳಲ್ಲಿರುವ ಮನೆಗಳಿಗಾಗಿ, ಅಲ್ಲಿನ ಆಶಾ ಕಾರ್ಯಕರ್ತೆಯರಿಗಾಗಿ ಇದನ್ನು ಬರೆದಿದ್ದೇನೆ.

ತಾಯಿ ಕಾರ್ಡಿನಿಂದ ಶುರು

ಮುಟ್ಟು ನಿಂತು ಗರ್ಭ ಖಚಿತವಾದ ಕೂಡಲೇ, ತಡವೆಂದರೆ ಮೂರು ತಿಂಗಳು ತುಂಬುವುದರೊಳಗೆ, ಆಶಾ ಕಾರ್ಯಕರ್ತೆಗೆ ಹೇಳಿ ಹೆಸರು ಬರೆಸಿ ತಾಯಿ ಕಾರ್ಡ್ ಪಡೆಯಬೇಕು. ‘ಮೂರು ತಿಂಗಳ ತನಕ ಯಾರಿಗೂ ಹೇಳಬಾರದು’ ಎಂಬ ನಂಬಿಕೆ ಅನೇಕ ಮನೆಗಳಲ್ಲಿದೆ. ಊರಿಗೆ ಹೇಳದಿದ್ದರೆ ನಷ್ಟವಿಲ್ಲ, ಆಶಾಗೆ ಹೇಳದಿದ್ದರೆ ನಷ್ಟವಿದೆ. ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಸೇರಿಸಿದರೆ ಹೆರಿಗೆಯ ಅಂದಾಜು ದಿನ ಸಿಗುತ್ತದೆ. ಈ ದಿನವನ್ನು ತಾಯಿ ಕಾರ್ಡಿನಲ್ಲಿ ಬರೆಸುವುದಲ್ಲದೆ ಮನೆಯ ಕ್ಯಾಲೆಂಡರಿನಲ್ಲೂ ಗುರುತು ಹಾಕಿರಿ, ಏಕೆಂದರೆ ಮುಂದಿನ ಸಿದ್ಧತೆಯೆಲ್ಲ ಆ ದಿನದಿಂದ ಹಿಂದಕ್ಕೆ ಎಣಿಸಿ ಮಾಡುವಂಥದ್ದು.

ಕನಿಷ್ಠ ನಾಲ್ಕು ಬಾರಿ ತಪಾಸಣೆ ಆಗಬೇಕು: 12 ವಾರದೊಳಗೆ ಒಂದು, 14ರಿಂದ 26ರ ನಡುವೆ ಒಂದು, 28ರಿಂದ 34ರ ನಡುವೆ ಒಂದು, 36ರ ನಂತರ ಒಂದು. ಪ್ರತಿ ಬಾರಿಯೂ ಬಿಪಿ, ತೂಕ, ಹಿಮೋಗ್ಲೋಬಿನ್, ಮೂತ್ರದಲ್ಲಿ ಪ್ರೋಟೀನ್ ಇವಿಷ್ಟನ್ನು ನೋಡಿ ಕಾರ್ಡಿನಲ್ಲಿ ಬರೆಯಬೇಕು. ಬರೆಯದೆ ‘ಎಲ್ಲ ಸರಿ ಇದೆ, ಹೋಗಿ’ ಎಂದರೆ ಎದ್ದು ಬರಬೇಡಿ. ಅಂಕಿಯನ್ನು ಕೇಳಿ ಬರೆಸಿಕೊಳ್ಳಿರಿ. ಮುಂದೆ ನಡುರಾತ್ರಿಯಲ್ಲಿ ಪರಿಚಯವಿಲ್ಲದ ವೈದ್ಯರ ಮುಂದೆ ನಿಂತಾಗ ಆ ಅಂಕಿಗಳೇ ನಿಮ್ಮ ಪರವಾಗಿ ಮಾತಾಡುತ್ತವೆ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ, ನಾಲ್ಕನೇ ತಿಂಗಳಿನಿಂದ ಮುಂದಿನ ಗರ್ಭಿಣಿಯರನ್ನು ವೈದ್ಯರೇ ಪರೀಕ್ಷಿಸುತ್ತಾರೆ. ಉಳಿದ ದಿನಗಳಲ್ಲಿ ಉಪಕೇಂದ್ರದಲ್ಲೇ ತಪಾಸಣೆ ಆಗುತ್ತಿದ್ದರೂ, ಒಂದೆರಡು ಬಾರಿಯಾದರೂ ಈ ದಿನದಂದು ತಾಲ್ಲೂಕು ಆಸ್ಪತ್ರೆಗೆ ಹೋಗುವುದು ಮೇಲು. ಹೆರಿಗೆಗೆ ಹೋಗಬೇಕಾದ ದಾರಿಯನ್ನೂ ಕಟ್ಟಡವನ್ನೂ ಹಗಲಿನಲ್ಲಿ ಒಮ್ಮೆ ನೋಡಿಬಂದಂತಾಗುತ್ತದೆ.

ಹಿಂದೆ ಸಿಸೇರಿಯನ್ ಆದವರು, ಹಿಂದಿನ ಹೆರಿಗೆಯಲ್ಲಿ ಬಹಳ ರಕ್ತ ಹೋದವರು, ಅವಳಿ ಮಕ್ಕಳಿರುವವರು, ಮಗು ಅಡ್ಡವಾಗಿ ಅಥವಾ ಕಾಲು ಕೆಳಗಾಗಿ ಇರುವವರು, ಎತ್ತರ 145 ಸೆಂಟಿಮೀಟರಿಗಿಂತ ಕಡಿಮೆ ಇರುವವರು, ಬಿಪಿ 140/90 ಮುಟ್ಟಿದವರು, ಸಕ್ಕರೆ ಕಾಯಿಲೆ ಇರುವವರು ಮತ್ತು ಹಿಮೋಗ್ಲೋಬಿನ್ ತೀರಾ ಕಡಿಮೆ ಇರುವವರ ಹೆರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆಗತಕ್ಕದ್ದಲ್ಲ. ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಅದನ್ನು ಕಾರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆಸಿರಿ. ಮಗುವಿನ ಗುಂಪು ಪಾಸಿಟಿವ್ ಆದಲ್ಲಿ ಹೆರಿಗೆಯಾದ 72 ಗಂಟೆಯೊಳಗೆ ತಾಯಿಗೆ ಆ್ಯಂಟಿ-ಡಿ ಚುಚ್ಚುಮದ್ದು ಬೀಳಬೇಕು.

ರಕ್ತವನ್ನು ಮೊದಲೇ ಕೂಡಿಡುವುದು

ಈ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಮನೆಯವರ ಕೈಯಲ್ಲೇ ಇರುವ ಕೆಲಸ ಇದು. ಹೆರಿಗೆಯಲ್ಲಿ ಅರ್ಧ ಲೀಟರ್ ರಕ್ತ ಹೋದರೂ 11 ಗ್ರಾಂ ಹಿಮೋಗ್ಲೋಬಿನ್ ಇರುವ ತಾಯಿ ತಾಳಿಕೊಂಡಾಳು. 6 ಗ್ರಾಂ ಇರುವ ತಾಯಿಗೆ ಅದರ ಅರ್ಧ ಹೋದರೂ ಹೃದಯ ಸೋಲಬಹುದು. ದೂರದ ಊರಿನವರಿಗೆ ಆಂಬುಲೆನ್ಸ್ ಅರ್ಧ ಗಂಟೆ ತಡವಾದರೂ ಬದುಕಿಸುವಂಥದ್ದು ಮೈಯಲ್ಲಿರುವ ಈ ರಕ್ತವೇ. ಆದರೂ ಮೇಲೆ ಹೇಳಿದ ಸಮೀಕ್ಷೆಯ ಪ್ರಕಾರ ರಾಜ್ಯದ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು 46 ಮಂದಿಗೆ ರಕ್ತಹೀನತೆ ಇದೆ.

ಮೂರು ತಿಂಗಳು ಕಳೆದ ಮೇಲೆ ದಿನಕ್ಕೊಂದರಂತೆ ಕಬ್ಬಿಣಾಂಶದ ಮಾತ್ರೆಯನ್ನು ಕನಿಷ್ಠ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ನುಂಗಬೇಕು. ಹಿಮೋಗ್ಲೋಬಿನ್ 7ರಿಂದ 11ರ ನಡುವೆ ಇದ್ದರೆ ದಿನಕ್ಕೆ ಎರಡು. ತಿಂಗಳು ಕಳೆದು ಮತ್ತೆ ನೋಡಿದಾಗ ಕನಿಷ್ಠ ಒಂದು ಗ್ರಾಂ ಏರಿರಬೇಕು. ಏರದಿದ್ದರೆ ಸುಮ್ಮನೆ ಅದೇ ಮಾತ್ರೆಯನ್ನು ಮುಂದುವರಿಸದೆ ವೈದ್ಯರನ್ನು ಕಂಡು, ನರದ ಮೂಲಕ ಕೊಡುವ ಕಬ್ಬಿಣಾಂಶದ ಬಗ್ಗೆ ಕೇಳಬೇಕು. ಏಳಕ್ಕಿಂತ ಕೆಳಗಿದ್ದರೆ ಅದು ಮನೆಯಲ್ಲಿ ಸೊಪ್ಪು ತಿನ್ನಿಸಿ ಸರಿಪಡಿಸುವ ವಿಷಯವಲ್ಲ, ಆಸ್ಪತ್ರೆಯ ವಿಷಯ. ಐದಕ್ಕಿಂತ ಕೆಳಗಿದ್ದರೆ ಅಂದೇ ದಾಖಲಾಗಬೇಕು.

ಮಾತ್ರೆಯನ್ನು ಚೀಲದಲ್ಲಿಟ್ಟು ಮರೆಯುವುದಕ್ಕೆ ಕಾರಣಗಳೂ ಇವೆ, ಅವನ್ನು ತಳ್ಳಿಹಾಕದೆ ಕೇಳಬೇಕು. ವಾಕರಿಕೆ ಬರುತ್ತದೆ, ಮಲ ಕಪ್ಪಾಗುತ್ತದೆ, ಮಗು ಕಪ್ಪಾಗಿ ಹುಟ್ಟುತ್ತದೆ, ಮಗು ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆ ಎಂದು ಸೊಸೆಯೂ ಅತ್ತೆಯೂ ಹೆದರುತ್ತಾರೆ. ಮೊದಲ ಎರಡು ನಿಜ. ರಾತ್ರಿ ಊಟವಾದ ಮೇಲೆ ನುಂಗಿದರೆ ವಾಕರಿಕೆ ಕಡಿಮೆಯಾಗುತ್ತದೆ, ಕಪ್ಪು ಮಲದಿಂದ ತೊಂದರೆ ಏನೂ ಇಲ್ಲ. ಕೊನೆಯ ಎರಡು ನಿಜವಲ್ಲ. ಮಾತ್ರೆಯನ್ನು ಚಹಾ, ಕಾಫಿ, ಹಾಲಿನ ಜೊತೆ ತೆಗೆದುಕೊಂಡರೆ ಅದು ಮೈಗೆ ಹತ್ತದು. ನಿಂಬೆಹಣ್ಣಿನ ನೀರಿನ ಜೊತೆ ತೆಗೆದುಕೊಂಡರೆ ಚೆನ್ನಾಗಿ ಹತ್ತುತ್ತದೆ. ಕ್ಯಾಲ್ಸಿಯಂ ಮಾತ್ರೆಯನ್ನು ಅದರ ಜೊತೆಗೇ ನುಂಗದೆ ಬೇರೆ ಹೊತ್ತಿನಲ್ಲಿ ನುಂಗಬೇಕು. ನಾಲ್ಕನೇ ತಿಂಗಳಿನಿಂದ ಮುಂದೆ ಒಮ್ಮೆ ಜಂತುಹುಳದ ಮಾತ್ರೆಯನ್ನೂ ಕೊಡುತ್ತಾರೆ, ಅದನ್ನು ಬಿಡಬಾರದು. ಅಂಗನವಾಡಿಯಲ್ಲಿ 2017ರಿಂದ ಮಾತೃಪೂರ್ಣ ಯೋಜನೆಯಡಿ ಗರ್ಭಿಣಿಗೂ ಬಾಣಂತಿಗೂ ಆಹಾರ ಕೊಡುವ ವ್ಯವಸ್ಥೆ ಇದೆ. ಮನೆಯ ಹೆಣ್ಣು ಹೊರಗೆ ಹೋಗಿ ಉಣ್ಣುವುದೆಂದರೆ ಮರ್ಯಾದೆಗೆ ಕಡಿಮೆ ಎಂದು ತಡೆಯುವ ಮನೆಗಳನ್ನು ಕಂಡಾಗ ನನಗೆ ದುಃಖವಾಗುತ್ತದೆ. ಎಲ್ಲರೂ ಉಂಡ ಮೇಲೆ ಮಿಕ್ಕದ್ದನ್ನು ಉಣ್ಣುವ ಸೊಸೆಗೆ ತನ್ನ ಪಾಲಿನ ಮೊಟ್ಟೆಯೂ ಹಾಲೂ ತನಗೇ ಸಿಗುವುದು ಎಷ್ಟೋ ಸಲ ಅಲ್ಲಿ ಮಾತ್ರ.

ಹತ್ತಿರದ ಆಸ್ಪತ್ರೆ, ಸರಿಯಾದ ಆಸ್ಪತ್ರೆ

ಹತ್ತಿರವಿದೆ ಎಂಬ ಒಂದೇ ಕಾರಣಕ್ಕೆ ಆಸ್ಪತ್ರೆಯನ್ನು ಆರಿಸಬಾರದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಹಜ ಹೆರಿಗೆ ಆಗಬಹುದು, ಆದರೆ ಸಿಸೇರಿಯನ್ ಮಾಡುವುದಕ್ಕಾಗಲಿ ರಕ್ತ ಏರಿಸುವುದಕ್ಕಾಗಲಿ ಅಲ್ಲಿ ಅನುಕೂಲವಿಲ್ಲ. ಅಪಾಯದ ಗುರುತು ಯಾವುದೂ ಇಲ್ಲದ, ಸ್ಟಾಫ್ ನರ್ಸ್ ರಾತ್ರಿಯೂ ಇರುತ್ತಾರೆಂದು ಖಾತ್ರಿಯಿರುವ ಕಡೆ ಅಲ್ಲಿಗೆ ಹೋಗುವುದು ಸರಿಯೇ. ಮೇಲೆ ಹೇಳಿದ ಅಪಾಯಗಳಲ್ಲಿ ಒಂದಿದ್ದರೂ ನೇರವಾಗಿ ತಾಲ್ಲೂಕು ಆಸ್ಪತ್ರೆಗೆ, ಅಗತ್ಯವಿದ್ದರೆ ರಾಯಚೂರಿನ ರಿಮ್ಸ್, ಕಲಬುರಗಿಯ ಜಿಮ್ಸ್‌ನಂಥ ದೊಡ್ಡ ಆಸ್ಪತ್ರೆಗೆ ಹೋಗಬೇಕು. ನಡುವೆ ಎರಡು ಕಡೆ ಇಳಿದು ಹತ್ತಿದರೆ ಆ ಎರಡು ಗಂಟೆ ಅಲ್ಲೇ ಮುಗಿದುಹೋಗುತ್ತದೆ.

ತಾಲ್ಲೂಕು ಆಸ್ಪತ್ರೆಯ ಬೋರ್ಡನ್ನು ನೋಡಿ ಸಮಾಧಾನಪಡುವಂತಿಲ್ಲ. ಏಳನೇ ತಿಂಗಳ ತಪಾಸಣೆಗೆ ಹೋದಾಗ ಅಲ್ಲಿನ ನರ್ಸ್‌ ಬಳಿ ವಿನಯವಾಗಿ, ಆದರೆ ಉತ್ತರ ಸಿಗುವ ತನಕ ಕೇಳಬೇಕಾದ ಪ್ರಶ್ನೆಗಳಿವೆ. ರಾತ್ರಿ ಹೊತ್ತು ಸಿಸೇರಿಯನ್ ಆಗುತ್ತದೆಯೇ? ಅರಿವಳಿಕೆ ವೈದ್ಯರು ಊರಲ್ಲೇ ಇರುತ್ತಾರೆಯೇ, ಬೇರೆ ಊರಿನಿಂದ ಬರಬೇಕೇ? ರಕ್ತ ಸಂಗ್ರಹ ಘಟಕದಲ್ಲಿ ನಮ್ಮ ಗುಂಪಿನ ರಕ್ತ ಇದೆಯೇ? ಅರಿವಳಿಕೆ ವೈದ್ಯರಿಲ್ಲದಿದ್ದರೆ ಪ್ರಸೂತಿ ತಜ್ಞರಿದ್ದೂ ಶಸ್ತ್ರಚಿಕಿತ್ಸೆ ನಿಂತುಹೋಗುತ್ತದೆ ಎಂಬುದು ಹೊರಗಿನವರಿಗೆ ತಿಳಿದಿರುವುದಿಲ್ಲ. ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ ಏನು ವ್ಯವಸ್ಥೆ ಎಂಬುದನ್ನೂ ಕೇಳಿಡಿರಿ. ಉತ್ತರ ತೃಪ್ತಿ ಕೊಡದಿದ್ದರೆ ಎರಡನೆಯ ಆಸ್ಪತ್ರೆಯ ಹೆಸರು, ಅಲ್ಲಿಗೆ ತಗಲುವ ಸಮಯ ಎರಡೂ ಕಾಗದದ ಮೇಲೆ ಬರಬೇಕು.

ರಕ್ತ ಕೊಡಲು ಮನೆಯವರಲ್ಲೋ ನೆಂಟರಲ್ಲೋ ಇಬ್ಬರನ್ನು ಗೊತ್ತುಮಾಡಿಡಿ. 18 ವರ್ಷ ತುಂಬಿ, 45 ಕಿಲೋಗಿಂತ ಹೆಚ್ಚು ತೂಕವಿದ್ದು, ಹಿಮೋಗ್ಲೋಬಿನ್ 12.5 ಇರುವವರಾಗಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಗೆ ಬೇಕಾದ ರಕ್ತ ಉಚಿತ, ಅದಕ್ಕೆ ದಾನಿಯನ್ನು ತಂದೇ ತೀರಬೇಕೆಂದು ಒತ್ತಾಯಿಸುವಂತಿಲ್ಲ. ಆದರೂ ದಾಸ್ತಾನು ಬರಿದಾಗಿರುವ ರಾತ್ರಿಗಳು ಬರುತ್ತವೆಯಾದ್ದರಿಂದ ಈ ಮಾತು ಹೇಳುತ್ತಿದ್ದೇನೆ.

ದಾರಿ ಮತ್ತು ಗಾಡಿ

ರಾಜ್ಯದಲ್ಲಿ 108 ಆರೋಗ್ಯ ಕವಚ ಸೇವೆ 2008ರ ನವೆಂಬರಿನಿಂದ ನಡೆಯುತ್ತಿದೆ. ಕರೆ ಮಾಡಿದವರು ಊರಿನ ಹೆಸರಿನ ಜೊತೆ ಗ್ರಾಮ ಪಂಚಾಯಿತಿ, ತಾಲ್ಲೂಕು, ಹತ್ತಿರದ ಗುಡಿ ಅಥವಾ ಶಾಲೆಯ ಗುರುತು, ಎಷ್ಟನೇ ತಿಂಗಳು, ರಕ್ತ ಹೋಗುತ್ತಿದೆಯೇ ಇಲ್ಲವೇ ಎಂಬುದನ್ನು ಹೇಳಬೇಕು. ಆ ಕಡೆಯವರು ಸಾಕು ಎನ್ನುವ ತನಕ ಫೋನ್ ಇಡಬಾರದು. ತಾಂಡಾಕ್ಕೆ ತಿರುಗುವ ಅಡ್ಡದಾರಿಯಲ್ಲಿ ಒಬ್ಬರು ಬ್ಯಾಟರಿ ಹಿಡಿದು ನಿಂತಿರಬೇಕು. ನೆಟ್‌ವರ್ಕ್ ಸಿಗದ ಊರಾದರೆ ಯಾವ ದಿಬ್ಬದ ಮೇಲೆ ಸಿಗುತ್ತದೆಂದು ಮನೆಯ ಮಕ್ಕಳಿಗೂ ಗೊತ್ತಿರಲಿ. ಇಷ್ಟಾದರೂ 108 ಒಂದನ್ನೇ ನಂಬಿ ಕೂರಬಾರದು. ಊರಲ್ಲಿ ಟಂಟಂ, ಟೆಂಪೊ, ಜೀಪು ಇರುವ ಇಬ್ಬರ ಬಳಿ ಮೊದಲೇ ಮಾತಾಡಿ, ರಾತ್ರಿ ಎಬ್ಬಿಸಿದರೂ ಬರುವಂತೆ ಒಪ್ಪಿಸಿ, ಅವರ ನಂಬರನ್ನು ಗೋಡೆಯ ಮೇಲೆ ಬರೆದಿಡಬೇಕು.

ರಸ್ತೆಯೇ ಇಲ್ಲದ ಕಡೆ ಗರ್ಭಿಣಿಯನ್ನು ಜೋಲಿಯಲ್ಲಿ ಹೊತ್ತು ತರಬೇಕಾಗುತ್ತದೆ. ಹೊರಲು ನಾಲ್ವರು, ಅವರನ್ನು ಬದಲಿಸಲು ಮತ್ತೆ ನಾಲ್ವರು, ಗಟ್ಟಿಯಾದ ಬೊಂಬು, ದಪ್ಪ ಕಂಬಳಿ, ಟಾರ್ಚು ಇವೆಲ್ಲ ಎಂಟನೇ ತಿಂಗಳಲ್ಲೇ ಗೊತ್ತಾಗಿರಬೇಕು. ಹೊರುವಾಗ ತಾಯಿಯನ್ನು ಎಡಮಗ್ಗುಲಿಗೆ ಮಲಗಿಸಬೇಕು. ಆದರೆ ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟಾಗ ದಾರಿ ಮುಳುಗುವ ನಡುಗಡ್ಡೆಗಳಲ್ಲಿ, ಮಳೆಗಾಲಕ್ಕೆ ಹಳ್ಳ ಏರುವ ಊರುಗಳಲ್ಲಿ, ಆನೆ ಓಡಾಡುವ ಕಾಡಿನ ಪೋಡುಗಳಲ್ಲಿ ಈ ಸಿದ್ಧತೆಯನ್ನೂ ನಂಬುವಂತಿಲ್ಲ. ಅಂಥವರು ಹೆರಿಗೆಯ ಅಂದಾಜು ದಿನಕ್ಕೆ ಎರಡು ವಾರ ಮೊದಲೇ ಆಸ್ಪತ್ರೆ ಇರುವ ಊರಿಗೆ ಬಂದು ನೆಂಟರ ಮನೆಯಲ್ಲಿ ಉಳಿಯುವುದೊಂದೇ ದಾರಿ. ಒಡಿಶಾ ಸರ್ಕಾರ ಇಂಥವರಿಗಾಗಿಯೇ ‘ಮಾ ಗೃಹ’ ಎಂಬ ತಂಗುಮನೆಗಳನ್ನು ನಡೆಸುತ್ತದೆ. ನಮ್ಮ ಬೆಟ್ಟ, ಹೊಳೆಗಳ ನಡುವಿನ ಜನರಿಗೂ ಅದು ಬೇಕೆಂದು ಗ್ರಾಮಸಭೆಯಲ್ಲಿ ಎದ್ದು ಕೇಳಬೇಕು. ನೆಂಟರಿಲ್ಲದವರು ಆಶಾ ಕಾರ್ಯಕರ್ತೆಯ ಮೂಲಕ ಆಡಳಿತ ವೈದ್ಯಾಧಿಕಾರಿಯನ್ನು ಕಂಡು, ಮುಂಚಿತವಾಗಿ ದಾಖಲು ಮಾಡಿಕೊಳ್ಳುವಂತೆ ಅರ್ಜಿ ಕೊಡಬಹುದು.

ಯಾರ ಒಪ್ಪಿಗೆಗೂ ಕಾಯದಂತೆ

ಗಂಡ ದುಡಿಯಲು ದೂರ ಹೋಗಿದ್ದಾನೆ, ಮಾವ ಹೊಲದಲ್ಲಿದ್ದಾರೆ, ಅತ್ತೆ ‘ನನಗೂ ಹೀಗೇ ಆಗಿತ್ತು, ತಡೆ’ ಎನ್ನುತ್ತಾರೆ. ತಾಯಿಯ ಕಾಲುಗಳ ನಡುವೆ ರಕ್ತ ಹರಿಯುತ್ತಿರುವಾಗ ಒಂದು ಫೋನಿಗಾಗಿ ಕಾಯುವುದು ಹೀಗೆ ಶುರುವಾಗುತ್ತದೆ. ಆದ್ದರಿಂದ ಏಳನೇ ತಿಂಗಳಲ್ಲಿ ಕುಬುಸದ (ಸೀಮಂತದ) ಕಾರ್ಯಕ್ಕೆ ಎರಡೂ ಕಡೆಯ ಹಿರಿಯರು ಸೇರಿದ ದಿನವೇ, ಆರತಿ ಊಟ ಮುಗಿದ ಮೇಲೆ, ಎಲ್ಲರೂ ಕೂತು ಇದನ್ನು ನಿರ್ಧರಿಸಬೇಕು: ಅಪಾಯದ ಗುರುತು ಕಂಡರೆ ಯಾರನ್ನೂ ಕೇಳದೆ ಹೊರಡಿಸುವ ಅಧಿಕಾರ ಮನೆಯಲ್ಲೇ ಇರುವ ಇಂಥವರದು. ಆ ಅಧಿಕಾರದ ಮೊದಲ ಹಕ್ಕು ಗರ್ಭಿಣಿಯದೇ. ಹೆರಿಗೆ ತವರಿನಲ್ಲೋ ಗಂಡನ ಮನೆಯಲ್ಲೋ ಎಂಬುದೂ ಅಂದೇ ತೀರ್ಮಾನವಾಗಲಿ. ತವರಿಗೆ ಹೋಗುವುದಾದರೆ ತಾಯಿ ಕಾರ್ಡಿನೊಂದಿಗೆ ಹೋಗಿ, ಮೊದಲ ವಾರದಲ್ಲೇ ಅಲ್ಲಿನ ಆಶಾಗೆ ಅದನ್ನು ತೋರಿಸಬೇಕು. ಎರಡು ಊರುಗಳ ನಡುವೆ ಯಾರ ಪಟ್ಟಿಯಲ್ಲೂ ಇಲ್ಲದೆ ಹೋಗುವ ತಾಯಂದಿರು ಈ ತಿಂಗಳಿನಲ್ಲೇ ಕೈತಪ್ಪುತ್ತಾರೆ.

ಹಣದ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ಪರೀಕ್ಷೆ, ರಕ್ತ, ಊಟ, ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮತ್ತೊಂದು ಆಸ್ಪತ್ರೆಗೆ ಹಾಗೂ ಮರಳಿ ಮನೆಗೆ ಹೋಗುವ ಗಾಡಿ, ಎಲ್ಲವೂ ಉಚಿತ. ಯಾರಾದರೂ ಹಣ ಕೇಳಿದರೆ ರಸೀದಿ ಕೇಳಿ, 104ಕ್ಕೆ ಕರೆಮಾಡಿ ದೂರು ಕೊಡಿ. ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000 ರೂಪಾಯಿ ಬರುತ್ತದೆ. ಇದಕ್ಕೆ ತಾಯಿಯ ಹೆಸರಿನಲ್ಲೇ ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಬೇಕು. ಆದರೆ ಈ ಹಣ ಹೆರಿಗೆಯ ರಾತ್ರಿಗೆ ಕೈಗೆ ಬರುವುದಿಲ್ಲ. ಸ್ತ್ರೀಶಕ್ತಿ ಸಂಘದಿಂದಲೋ ಮನೆಯ ಉಳಿತಾಯದಿಂದಲೋ ಕೈಯಲ್ಲೊಂದಿಷ್ಟು ನಗದು ಬೇರೆ ಇಟ್ಟಿರಬೇಕು.

ತಕ್ಷಣ ಹೊರಡಬೇಕಾದ ಗುರುತುಗಳು

ಯಾವ ತಿಂಗಳಲ್ಲೇ ಆಗಲಿ ರಕ್ತ ಕಂಡರೆ, ನೋವಿಲ್ಲದಿದ್ದರೂ, ಹೊರಡಬೇಕು. ತಲೆ ಸಿಡಿಯುವಂಥ ನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈಗಳಲ್ಲಿ ಬಾವು, ಎದೆಗುಂಡಿಯ ಕೆಳಗೆ ನೋವು ಇವು ನಂಜು ಏರುತ್ತಿರುವ ಗುರುತುಗಳು; ಸೆಳೆತ ಬಂದ ಮೇಲೆ ಹೊರಡುವುದಲ್ಲ, ಬರುವ ಮುನ್ನ ಹೊರಡಬೇಕು. ಸೆಳೆತವೇ ಬಂದರೆ ದೆವ್ವವೆಂದು ಪೂಜಾರಿಯ ಬಳಿಗೆ ಒಯ್ಯದೆ, ಬಾಯಿಗೆ ಏನನ್ನೂ ಹಾಕದೆ, ಎಡಮಗ್ಗುಲಿಗೆ ಮಲಗಿಸಿ ಗಾಡಿ ಹತ್ತಿಸಬೇಕು. ಆಸ್ಪತ್ರೆಯಲ್ಲಿ ಮೆಗ್ನೀಷಿಯಂ ಸಲ್ಫೇಟ್ ಚುಚ್ಚುಮದ್ದು ಅದನ್ನು ತಡೆಯುತ್ತದೆ. ನೋವು ಶುರುವಾಗುವ ಮೊದಲೇ ನೀರು ಒಡೆದರೆ, ಮಗುವಿನ ಅಲುಗಾಟ ಕಡಿಮೆಯಾದರೆ, ಚಳಿಜ್ವರ ಬಂದರೆ, ನೋವು ಶುರುವಾಗಿ 12 ಗಂಟೆಯಾದರೂ ಹೆರಿಗೆಯಾಗದಿದ್ದರೆ ಕಾಯಬಾರದು.

ನೋವು ನಿಧಾನವೆಂದು ಊರಿನ ಪದವಿಯಿಲ್ಲದ ಡಾಕ್ಟರಿಂದ ಹೆರಿಗೆ ನೋವು ಹೆಚ್ಚಿಸುವ ‘ನೋವಿನ ಇಂಜೆಕ್ಷನ್’ ಹಾಕಿಸುವ ರೂಢಿಯನ್ನು ಕೈಮುಗಿದು ಬಿಡಿಸಬೇಕಾಗಿದೆ. ಅದರಲ್ಲಿರುವ ಆಕ್ಸಿಟೋಸಿನ್ ಔಷಧವನ್ನು ಮಗು ಹುಟ್ಟುವ ಮುನ್ನ ಲೆಕ್ಕವಿಲ್ಲದೆ ಕೊಟ್ಟರೆ ಅದು ಗರ್ಭಕೋಶವನ್ನೇ ಹರಿಯಬಹುದು, ಮಗುವಿಗೆ ಉಸಿರುಗಟ್ಟಿಸಬಹುದು. ಇದೇ ಔಷಧ ಮಗು ಹುಟ್ಟಿದ ಮೇಲೆ ತಾಯಿಯ ಜೀವ ಉಳಿಸುತ್ತದೆ. ಹೊಟ್ಟೆಯ ಮೇಲಿನಿಂದ ಒತ್ತಿ ಮಗುವನ್ನು ತಳ್ಳುವುದೂ ಅಷ್ಟೇ ಅಪಾಯದ್ದು, ಅದನ್ನು ಮನೆಯಲ್ಲಿ ಮಾಡಿದರೂ ಸರಿ, ಆಸ್ಪತ್ರೆಯಲ್ಲಿ ಮಾಡಿದರೂ ಸರಿ.

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದವರು. ಇಂಥ ಹಿರಿಯರ ಕೈಗುಣಕ್ಕೆ ಋಣಿಯಾಗಿರುವ ಊರುಗಳಲ್ಲಿ ಸೂಲಗಿತ್ತಿಯನ್ನು ದೂರ ತಳ್ಳಿ ಏನನ್ನೂ ಸಾಧಿಸಲಾಗದು. ಅವರನ್ನೇ ಆಸ್ಪತ್ರೆಗೆ ಜೊತೆಗೆ ಕರೆದುಕೊಂಡು ಹೋದರೆ ತಾಯಿಗೆ ಧೈರ್ಯ ಬರುತ್ತದೆ. ಎಷ್ಟೇ ಅನುಭವವಿದ್ದರೂ ಸೂಲಗಿತ್ತಿಯ ಕೈಯಲ್ಲಿ ರಕ್ತದ ಚೀಲವಿರುವುದಿಲ್ಲ ಎಂಬುದನ್ನು ಅವರೇ ಎಲ್ಲರಿಗಿಂತ ಚೆನ್ನಾಗಿ ಬಲ್ಲರು.

ದಾರಿಯಲ್ಲೇ ಹೆರಿಗೆಯಾದರೆ

ಗಾಡಿಯನ್ನು ಬದಿಗೆ ನಿಲ್ಲಿಸಿ, ಕೈಯನ್ನು ಸಾಬೂನಿನಿಂದ ತೊಳೆದು, ಮಗುವನ್ನು ಎಳೆಯದೆ ಬರುವಂತೆಯೇ ಕೈಯಲ್ಲಿ ಹಿಡಿಯಬೇಕು. ಹುಟ್ಟಿದ ಕೂಡಲೇ ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ, ತಾಯಿಯ ಎದೆಯ ಮೇಲೆ ಬರಿಮೈಗೆ ತಾಗುವಂತೆ ಮಲಗಿಸಿ, ಇಬ್ಬರನ್ನೂ ಹೊದಿಸಬೇಕು. ಸ್ವಚ್ಛವಾದ ಹೊಸ ಬ್ಲೇಡ್ ಇಲ್ಲದಿದ್ದರೆ ಹೊಕ್ಕುಳಬಳ್ಳಿಯನ್ನು ಕತ್ತರಿಸುವುದೇ ಬೇಡ, ಮಾಸಿನ ಸಮೇತ ಆಸ್ಪತ್ರೆಗೆ ಒಯ್ಯಬಹುದು. ಮಾಸು ಬರಲೆಂದು ಬಳ್ಳಿಯನ್ನು ಎಳೆಯಬಾರದು. ಅರ್ಧ ಗಂಟೆಯಾದರೂ ಅದು ಬಾರದಿದ್ದರೆ ಅದೇ ಒಂದು ಅಪಾಯದ ಗುರುತು. ಮಾಸು ಬಿದ್ದ ಮೇಲೆ ಹೊಕ್ಕುಳ ಕೆಳಗೆ ಗರ್ಭಕೋಶ ಗಟ್ಟಿ ಉಂಡೆಯಂತೆ ಕೈಗೆ ಸಿಗಬೇಕು. ಮೆತ್ತಗಿದ್ದರೆ ಅಂಗೈಯಿಂದ ಉಜ್ಜುತ್ತಾ ಗಟ್ಟಿಮಾಡಿ, ಮಗುವಿಗೆ ಹಾಲು ಕುಡಿಸಿ, ತಾಯಿಗೆ ಮೂತ್ರ ಮಾಡಿಸಬೇಕು. ಎಲ್ಲವೂ ಸುಸೂತ್ರವಾಗಿ ಆಯಿತೆಂದು ಮನೆಗೆ ತಿರುಗಿಬಿಡುವ ಆಸೆಯಾಗುತ್ತದೆ. ತಿರುಗಬಾರದು.

ಹೆರಿಗೆ ಕೊಠಡಿಯಲ್ಲಿ ಮತ್ತು ನಂತರ

ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೊಠಡಿಯಲ್ಲಿ ತಾಯಿಯ ಜೊತೆಗೆ ಆಕೆಯ ಇಷ್ಟದ ಒಬ್ಬ ಹೆಣ್ಣುಮಗಳು ಇರಲು 2016ರಿಂದ ಕೇಂದ್ರ ಸರ್ಕಾರದ ಅನುಮತಿ ಇದೆ. ಬೈಗುಳ, ಹೊಡೆತ, ಗಂಟೆಗಟ್ಟಲೆ ಯಾರೂ ತಿರುಗಿ ನೋಡದ ಸ್ಥಿತಿ ಇವುಗಳ ಭಯದಿಂದಲೇ ಎಷ್ಟೋ ತಾಯಂದಿರು ಕೊನೆಯ ಗಳಿಗೆ ತನಕ ಮನೆಯಲ್ಲಿ ಉಳಿಯುತ್ತಾರೆ. ಆ ಭಯ ಸುಳ್ಳಲ್ಲ, ಅದನ್ನು ತಾಯಿಯ ಮೂಢತನವೆಂದು ಕರೆಯುವುದು ಅನ್ಯಾಯ. ಜೊತೆಗಿರುವವರು ಧೈರ್ಯ ಹೇಳುವುದರ ಜೊತೆಗೆ, ಹೆರಿಗೆಯಾದ ಮೇಲಿನ ಮೊದಲ ಗಂಟೆಗಳಲ್ಲಿ ಪ್ಯಾಡ್ ಎಷ್ಟು ಬೇಗ ತೋಯುತ್ತಿದೆ ಎಂದು ನೋಡುತ್ತಿರಬೇಕು. ‘ಕೆಟ್ಟ ರಕ್ತ, ಹೋಗಲಿ ಬಿಡಿ’ ಎನ್ನುವ ಮಾತನ್ನು ಅಲ್ಲಿ ಯಾರೂ ಆಡಬಾರದು.

ಕಣ್ಣಂದಾಜಿಗೆ ರಕ್ತ ಯಾವಾಗಲೂ ಕಡಿಮೆಯೇ ಕಾಣುತ್ತದೆ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ತಾಯಂದಿರೊಂದಿಗೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಹಾಳೆಯನ್ನು ತಾಯಿಯ ಕೆಳಗೆ ಹಾಸಿ ರಕ್ತವನ್ನು ಅಳೆದರು. ಮಗು ಹುಟ್ಟಿದ ತಕ್ಷಣ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯರು ಗರ್ಭಕೋಶವನ್ನು ಬಿಗಿಗೊಳಿಸುವ ಮಿಸೊಪ್ರೊಸ್ಟಾಲ್ ಔಷಧವನ್ನು 600 ಮೈಕ್ರೋಗ್ರಾಂ ಕೊಟ್ಟ ತಾಯಂದಿರಲ್ಲಿ ಅತಿ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿದಿತ್ತು. ಆಫ್ರಿಕಾದ ನಾಲ್ಕು ದೇಶಗಳಲ್ಲಿ ನಡೆದ ಮತ್ತೊಂದು ಅಧ್ಯಯನ, ಹೀಗೆ ಅಳೆದು ಬೇಗ ಗುರುತಿಸಿ ಚಿಕಿತ್ಸೆಗಳನ್ನೆಲ್ಲ ಒಟ್ಟಿಗೆ ಕೊಟ್ಟರೆ ಗಂಭೀರ ಪರಿಣಾಮಗಳು ನೂರಕ್ಕೆ 60ರಷ್ಟು ತಗ್ಗುತ್ತವೆಂದು 2023ರಲ್ಲಿ ತೋರಿಸಿತು. ನಮ್ಮದೇ ಹಳ್ಳಿಗಳಲ್ಲಿ ಬಳಕೆಯಾದ ಈ ಹಾಳೆ ನಮ್ಮ ಪ್ರತಿ ಹೆರಿಗೆ ಕೊಠಡಿಯಲ್ಲೂ ಇದೆಯೇ ಎಂದು ಆಸ್ಪತ್ರೆಯ ಉಸ್ತುವಾರಿ ನೋಡುವ ಆರೋಗ್ಯ ರಕ್ಷಾ ಸಮಿತಿಯ ಸದಸ್ಯರು ಕೇಳಬೇಕು.

ಬೇರೆ ಆಸ್ಪತ್ರೆಗೆ ಕಳಿಸುವುದಾದರೆ, ಬಿಪಿ ಎಷ್ಟಿತ್ತು, ಯಾವ ಔಷಧವನ್ನು ಎಷ್ಟು ಹೊತ್ತಿಗೆ ಕೊಟ್ಟರು ಎಂದು ಬರೆದ ಚೀಟಿಯಿಲ್ಲದೆ ಹೊರಡಬೇಡಿ; ಮುಂದಿನ ಆಸ್ಪತ್ರೆಗೆ ಫೋನ್ ಮಾಡಲೂ ಹೇಳಿ. ಸಹಜ ಹೆರಿಗೆಯಾದರೂ 48 ಗಂಟೆ ಆಸ್ಪತ್ರೆಯಲ್ಲೇ ಇರಬೇಕು.

ಗುಳೆ ಹೋದವರು, ಹದಿನೆಂಟು ತುಂಬದವರು

ರಾಯಚೂರು, ಯಾದಗಿರಿಗಳಿಂದ ಬೆಂಗಳೂರು, ಮುಂಬೈ, ಗೋವಾಗಳ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಬಸುರಿಯರು ತಾಯಿ ಕಾರ್ಡನ್ನು ಊರಲ್ಲಿ ಬಿಟ್ಟುಹೋಗಬಾರದು. ಅದರಲ್ಲಿರುವ ಆರ್‌ಸಿಎಚ್ ಸಂಖ್ಯೆ (ಗರ್ಭಿಣಿಯ ನೋಂದಣಿ ಸಂಖ್ಯೆ) ಬೇರೆ ರಾಜ್ಯದಲ್ಲೂ ನಡೆಯುತ್ತದೆ, ಉಚಿತ ಹೆರಿಗೆಯ ಹಕ್ಕು ದೇಶದ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲೂ ಇದೆ. ಮಹಾರಾಷ್ಟ್ರ, ಗೋವಾ, ತೆಲಂಗಾಣಗಳಲ್ಲೂ ಆಂಬುಲೆನ್ಸಿನ ಸಂಖ್ಯೆ 108. ಶೆಡ್ಡು ಹಾಕಿದ ಮೊದಲ ವಾರದಲ್ಲೇ ಹತ್ತಿರದ ಅಂಗನವಾಡಿಯನ್ನು ಹುಡುಕಿ ಹೆಸರು ಬರೆಸಿರಿ.

ಹದಿನೆಂಟು ತುಂಬದ ಹುಡುಗಿ ಗರ್ಭಿಣಿಯಾದಾಗ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾನೂನಿನ ಭಯಕ್ಕೆ ಮನೆಯವರು ಆಕೆಯನ್ನು ಬಚ್ಚಿಡುತ್ತಾರೆ, ತಾಯಿ ಕಾರ್ಡನ್ನೂ ಮಾಡಿಸುವುದಿಲ್ಲ. ವಿಷಯವನ್ನು ಪೊಲೀಸರಿಗೆ ತಿಳಿಸುವುದು ಆಸ್ಪತ್ರೆಗೆ ಕಡ್ಡಾಯವೆಂಬುದು ನಿಜ. ಆದರೆ ಆ ಕಾರಣಕ್ಕೆ ಚಿಕಿತ್ಸೆಯನ್ನು ನಿರಾಕರಿಸುವಂತಿಲ್ಲ, ತಡ ಮಾಡುವಂತಿಲ್ಲ. ಎಳೆಯ ಮೈಗೆ ನಂಜು, ರಕ್ತಹೀನತೆ, ಹೆರಿಗೆ ಸಿಕ್ಕಿಕೊಳ್ಳುವುದು ಎಲ್ಲದರ ಅಪಾಯವೂ ಹೆಚ್ಚು. ಹುಡುಗಿಯ ಜೀವ ಮೊದಲು, ಹಿರಿಯರ ಮೇಲಿನ ಪ್ರಕರಣ ನಂತರ. ಮಕ್ಕಳ ಸಹಾಯವಾಣಿ 1098ರಲ್ಲಿ ನೆರವು ಸಿಗುತ್ತದೆ.

ಬಾಣಂತನದ ಆರು ವಾರ

ಮನೆಗೆ ಬಂದ ಮೇಲೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬಂದು ನೋಡಬೇಕು. ಅಷ್ಟರ ನಡುವೆ ಜ್ವರ, ದುರ್ವಾಸನೆಯ ಸ್ರಾವ, ಮತ್ತೆ ಹೆಚ್ಚಿದ ರಕ್ತ, ಒಂದು ಕಾಲಿನಲ್ಲಿ ಮಾತ್ರ ಬಾವು ಮತ್ತು ನೋವು, ಉಸಿರಾಟದ ತೊಂದರೆ ಕಂಡರೆ ‘ಬಾಣಂತಿ ಹೊರಗೆ ಹೋಗಬಾರದು’ ಎಂಬ ನೇಮವನ್ನು ಬದಿಗಿಟ್ಟು ಆಸ್ಪತ್ರೆಗೆ ಒಯ್ಯಬೇಕು. ಹೆರಿಗೆಯ ನಂತರವೂ ಸೆಳೆತ ಬರಬಹುದು. ನಿದ್ದೆಯಿಲ್ಲದೆ ಅಸಂಬದ್ಧವಾಗಿ ಮಾತಾಡುವ, ಮಗುವನ್ನು ಮುಟ್ಟಲೊಲ್ಲದ ಬಾಣಂತಿಗೆ ಸನ್ನಿ ಎಂದು ಮಂತ್ರಿಸುವ ಬದಲು ವೈದ್ಯರಿಗೆ ತೋರಿಸಬೇಕು, ಅದು ಗುಣವಾಗುವ ಕಾಯಿಲೆ. ಬೆಚ್ಚಗಿಡುವುದು, ಎಣ್ಣೆಸ್ನಾನ, ಕೆಲಸಕ್ಕೆ ಹಚ್ಚದಿರುವುದು ಇವೆಲ್ಲ ನಮ್ಮ ಬಾಣಂತನದ ಒಳ್ಳೆಯ ಪದ್ಧತಿಗಳು, ಉಳಿಯಲಿ. ಹೊಟ್ಟೆ ಬರುತ್ತದೆಂದು ನೀರನ್ನು ಅಳೆದು ಕೊಡುವುದು, ಬರೀ ಅನ್ನ ಮೆಣಸಿನ ಸಾರಿನಲ್ಲಿ ದಿನ ಕಳೆಸುವುದು, ಮುಚ್ಚಿದ ಕೋಣೆಯಲ್ಲಿ ಹೊಗೆ ಹಾಕುವುದು, ಮೊದಲ ಹಳದಿ ಹಾಲನ್ನು ಚೆಲ್ಲುವುದು ಇಷ್ಟನ್ನು ಬಿಡಬೇಕು.

42ನೇ ದಿನದ ಭೇಟಿಯಲ್ಲಿ ಹಿಮೋಗ್ಲೋಬಿನನ್ನು ಮತ್ತೊಮ್ಮೆ ನೋಡಿಸಿ, ಮುಂದಿನ ಮಗುವಿಗೆ ಕನಿಷ್ಠ ಎರಡು ವರ್ಷ ಅಂತರವಿರುವಂತೆ ವಂಕಿಯೋ (ಕಾಪರ್-ಟಿ) ಗರ್ಭ ತಡೆಯುವ ಅಂತರಾ ಚುಚ್ಚುಮದ್ದೋ ಯಾವುದು ಹೊಂದುತ್ತದೆಂದು ಗಂಡ ಹೆಂಡತಿ ಇಬ್ಬರೂ ಕೂತು ಕೇಳಬೇಕು. ತಾಯಿ ಕಾರ್ಡನ್ನೂ ಬಿಡುಗಡೆಯ ಚೀಟಿಯನ್ನೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ರೇಷನ್ ಕಾರ್ಡ್ ಇಡುವ ಜಾಗದಲ್ಲೇ ಇಟ್ಟುಕೊಳ್ಳಿ. ಸಿಸೇರಿಯನ್ ಏಕೆ ಮಾಡಿದರು, ಎಷ್ಟು ರಕ್ತ ಏರಿಸಿದರು ಎಂದು ಮುಂದಿನ ಬಸಿರಿನಲ್ಲಿ ವೈದ್ಯರು ಮೊದಲು ಕೇಳುವುದು ಅದನ್ನೇ.